ಇಸ್ಕಾಳ ದೋಣಿ ಓದಿದ ಮನೆ

ಆ ಹನ್ನೊಂದು ಸಾಲುಗಳು ಎಡಿತಾಳ ಮನೆಗೆ ಬಂದದ್ದು ಒಂದು ಮಂಗಳವಾರ ಸಂಜೆ, ಅವಳು ಒಣಮೀನು ಹುರಿಯುತ್ತಿದ್ದಾಗ. ಶಾಲೆಯ ಪಾಲಕರ ಗುಂಪಿನಲ್ಲಿ ಯಾರೋ ಒಂದು ಪುಟದ ಫೋಟೋ ಹಾಕಿದ್ದರು. ಹನ್ನೊಂದು ಸಾಲುಗಳ ಸುತ್ತ ಕೆಂಪು ಗೆರೆ. ಕೆಳಗೆ ಒಂದೇ ಪ್ರಶ್ನೆ: 'ಹತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಇದನ್ನು ಓದಿಸುತ್ತಿರುವುದು ಅಧ್ಯಕ್ಷರಿಗೆ ಗೊತ್ತೇ?'

ಪಾಲಕರ ಸಂಘದ ಅಧ್ಯಕ್ಷ ಎಡಿತಾಳ ಗಂಡ ಕ್ರಿಸಾಂತೊ. ಓದಿಸುತ್ತಿದ್ದ ಟೀಚರು ಅವನ ತಂಗಿ ಬೆಲೆನ್. ಓದುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳು ಎಡಿತಾಳ ಮಗಳು ರೊವೇನಾ. ಇನ್ನರ್ಧ ಗಂಟೆಯಲ್ಲಿ ಮೂವರೂ ಒಂದೇ ಮೇಜಿಗೆ ಊಟಕ್ಕೆ ಬರುವವರಿದ್ದರು.

ಎಡಿತಾ ಉರಿ ಸಣ್ಣದು ಮಾಡಿ, ಫೋಟೋ ದೊಡ್ಡದು ಮಾಡಿ ಓದಿದಳು. ಇಸ್ಕಾ ಎಂಬ ವಿಧವೆ. ಅವಳ ಗುಡಿಸಲಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಬಂದ ಒಬ್ಬ ಗಂಡಸು. ಇಬ್ಬರಿಗೆ ಒಂದೇ ಚಾಪೆ. ಕೊನೆಯ ಸಾಲು ಹೀಗಿತ್ತು: 'ಬೆಳಗಾಗುವಾಗ ಅವಳು ಯಾರ ವಿಧವೆಯೂ ಆಗಿರಲಿಲ್ಲ.' ಅಷ್ಟರಲ್ಲಿ ಮೀನು ಸೀದಿತ್ತು.

'ಇಸ್ಕಾಳ ದೋಣಿ' ಅವಳಿಗೆ ಗೊತ್ತಿಲ್ಲದ ಪುಸ್ತಕವಲ್ಲ. ಬರೆದವನು ಇದೇ ಸಾಂತಾ ಕ್ಲೆಮೆನ್ಸಿಯಾದಲ್ಲಿ ಪೋಸ್ಟ್ ಮಾಸ್ತರನಾಗಿದ್ದವನು. ಸತ್ತು ಅರವತ್ತು ವರ್ಷವಾಯಿತು. ಊರ ನಡುವಿನ ಪ್ಲಾಜಾದಲ್ಲಿ ಅವನ ಎದೆಮಟ್ಟದ ಪ್ರತಿಮೆಯಿದೆ. ಹುಟ್ಟಿದ ದಿನ ಶಾಲೆಯ ಬ್ಯಾಂಡು ಹೋಗಿ ಹಾರ ಹಾಕಿ ಬರುತ್ತದೆ. ಎಡಿತಾ, ಬೆಲೆನ್ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಿದ್ದ ಕಾಲದಲ್ಲಿ ಈ ಪುಸ್ತಕ ಪಾಠಕ್ಕಿತ್ತು. ಆದರೆ ಶಾಲೆಯ ಪ್ರತಿಗಳಲ್ಲಿ ಒಂಬತ್ತನೇ ಅಧ್ಯಾಯದ ಪುಟಗಳನ್ನು ಗಂಜಿಯ ಅಂಟು ಹಾಕಿ ಒಂದಕ್ಕೊಂದು ಮೆತ್ತಿರುತ್ತಿದ್ದರು. ಮಿಕ್ಕದ್ದನ್ನು ಬೆಲೆನ್ ಓದಿದಳು. ಎಡಿತಾ ಅವಳ ಟಿಪ್ಪಣಿ ನಕಲು ಹೊಡೆದು ಪಾಸಾದಳು. ಆಮೇಲೆ ಪುಸ್ತಕ ಪಾಠದಿಂದ ಬಿದ್ದುಹೋಯಿತು. ಈ ವರ್ಷ ಬೆಲೆನ್ ಅದನ್ನು ವಾಪಸು ತಂದಿದ್ದಳು, ಅಂಟಿಲ್ಲದೆ.

ಊಟಕ್ಕೆ ಅನ್ನ, ಸೀದ ಮೀನು, ಟೊಮೆಟೊ ಹೆಚ್ಚಿ ಹಾಕಿದ ಉಪ್ಪುಮೊಟ್ಟೆ. ಕ್ರಿಸಾಂತೊ ಫೋನನ್ನು ತಂಗಿಯ ತಟ್ಟೆಯ ಪಕ್ಕಕ್ಕೆ ತಳ್ಳಿದ.

"ಇದೇನಿದು, ಬೆಲೆನ್?"

"ಪುಸ್ತಕ, ಕುಯಾ." ಅಣ್ಣನನ್ನು ಅವಳು ಕರೆಯುವುದೇ ಹಾಗೆ, ಜಗಳದಲ್ಲೂ.

"ತಮಾಷೆ ಬೇಡ. ಸಂಜೆಯಿಂದ ಹದಿನಾರು ಜನ ಫೋನ್ ಮಾಡಿದ್ರು."

"ಹದಿನಾರರಲ್ಲಿ ಎಷ್ಟು ಜನ ಓದಿದಾರೆ?"

"ಕೊಳೆತ ಮೊಟ್ಟೆ ಅಂತ ತಿಳ್ಕೊಳ್ಳೋಕೆ ಪೂರ್ತಿ ತಿನ್ನಬೇಕಾ?"

ಮೇಜಿನ ತುದಿಯಲ್ಲಿ ಲೋಲಾ ಪುರಿಂಗ್ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಎಪ್ಪತ್ತಾರು ವರ್ಷ. ಅವಳು ಕ್ರಿಸಾಂತೊ ಮತ್ತು ಬೆಲೆನರ ತಾಯಿ. ಮೊಮ್ಮಗಳಿಂದ ಹಿಡಿದು ಇಡೀ ಬೀದಿಗೆ ಲೋಲಾ, ಅಜ್ಜಿ. ಬಾತುಮೊಟ್ಟೆಗಳನ್ನು ಹುರಿದ ಭತ್ತದ ಹೊಟ್ಟಿನ ಬಿಸಿಯಲ್ಲಿ ಹದಿನೆಂಟು ದಿನ ಇಟ್ಟು, ಒಳಗೆ ಮರಿ ಕಟ್ಟಿದ ಮೇಲೆ ಬೇಯಿಸಿ ಮಾರುವ ಬಲೂತ್ ವ್ಯಾಪಾರವನ್ನು ಆ ಮನೆಗೆ ತಂದವಳು ಅವಳೇ.

"ಕೊಳೆತದ್ದು ನಮ್ಮನೇಲಿ ಹೆಂಗೆ ಗೊತ್ತಾಗುತ್ತೆ, ಕ್ರಿಸಾಂತೊ?" ಎಂದಳು. "ಚಿಪ್ಪು ಮೂಸೀನಾ?"

"ಬೆಳಕಿಗೆ ಹಿಡಿದು, ನಾನಯ್." ತಾಯಿಗೆ ಉತ್ತರ ಕೊಡದೆ ಇರುವ ಧೈರ್ಯ ಅವನಿಗಿರಲಿಲ್ಲ.

"ಹೂಂ. ಉಪ್ಪು ಈ ಕಡೆ ಕೊಡು."

"ಪಾಪಾ, ಅದು ಕೆಟ್ಟದಲ್ಲ," ಎಂದಳು ರೊವೇನಾ. "ಅವಳ ಗಂಡ ಸತ್ತಾಗ ಏನಾಯ್ತಂದ್ರೆ—"

"ನೀನು ಬಾಯಿ ಹಾಕ್ಬೇಡ. ಇನ್ಮೇಲೆ ಆ ಪುಸ್ತಕ ಮುಟ್ಟೋ ಹಾಗಿಲ್ಲ. ಗಟ್ಟಿಯಾಗಿ ಓದೋ ಹಾಗಂತೂ ಇಲ್ಲವೇ ಇಲ್ಲ." ಕ್ರಿಸಾಂತೊ ತಂಗಿಯ ಕಡೆ ತಿರುಗಿದ. "ನಾಳೆ ನೀನೇ ವಾಪಸ್ ತಗೊಂಡ್ಬಿಡು. ಮಾತು ಇಲ್ಲಿಗೇ ಮುಗಿಯುತ್ತೆ."

"ತಗೊಳ್ಳಲ್ಲ."

"ತಂಗಿ ಅಂತ ನಾನು ಸುಮ್ನಿದ್ರೆ ನಾಳೆ ಊರು ನನ್ನ ಮುಖ ನೋಡುತ್ತಾ?"

ಬೆಲೆನ್ ಏನೋ ಹೇಳಲು ಬಾಯಿ ತೆರೆದವಳು ಅಣ್ಣನ ಮುಖವನ್ನೇ ಒಂದು ಕ್ಷಣ ನೋಡಿ ಸುಮ್ಮನಾದಳು. ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಭಾನುವಾರ ಪೂಜೆ ಬಿಟ್ಟ ಮೇಲೆ ಚರ್ಚಿನ ಬಾಗಿಲಲ್ಲಿ ಅರ್ಜಿಗೆ ಸಹಿ ಬಿತ್ತು. 'ಕೆಳಗೆ ಸಹಿ ಮಾಡಿರುವ ಪಾಲಕರಾದ ನಾವು ಇಸ್ಕಾಳ ದೋಣಿ ಎಂಬ ಕಾದಂಬರಿಯನ್ನು ಓದಿ, ಅದು ಮಕ್ಕಳಿಗೆ ತಕ್ಕದ್ದಲ್ಲವೆಂದು ಕಂಡುಕೊಂಡು' ಎಂದು ಶುರುವಾಗುವ ಅರ್ಜಿ. ಬರೆದವನು ಕ್ರಿಸಾಂತೊ. ನೂರಾಹತ್ತು ಮನೆಗಳಲ್ಲಿ ಅರವತ್ತನಾಲ್ಕು ಮನೆಯವರು ಸಹಿ ಹಾಕಿದರು. ಅರ್ಧಕ್ಕಿಂತ ಹೆಚ್ಚಿದ್ದರೆ ಶಾಲೆ ಒಪ್ಪಬೇಕು, ಅದು ನಿಯಮ. ಎಡಿತಾಳ ಮುಂದೆ ಪೆನ್ನು ಬಂದಾಗ ಅವಳು, "ಕೈಯೆಲ್ಲ ಎಣ್ಣೆ" ಎಂದಳು. ಚರ್ಚಿನ ಬಾಗಿಲಲ್ಲಿ ಎಲ್ಲಿಯ ಎಣ್ಣೆ ಎಂದು ಯಾರೂ ಕೇಳಲಿಲ್ಲ.

ಬುಧವಾರ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಆಂಪಾರೊ ಬೆಲೆನಳನ್ನು ಕರೆಸಿದರು. ಅವತ್ತು ಬೆಲೆನ್ ಬಂದವಳೇ ಬೀರುವಿನ ಮೇಲಿನ ಸೂಟ್‌ಕೇಸು ಇಳಿಸಿ, ಧೂಳು ಒರೆಸಿ, ಹಾಸಿಗೆಯ ಮೇಲೆ ತೆರೆದಿಟ್ಟಳು.

"ಏನಂದ್ರು?" ಎಂದಳು ಎಡಿತಾ, ಬಾಗಿಲಲ್ಲಿ ನಿಂತು.

"ಇನ್ನೊಂದು ವಾರ ಬಿಟ್ಟು ಬರೋ ಸೋಮವಾರ ಸಭೆ. ಅರ್ಜಿ ಪಾಸಾದ್ರೆ ಪುಸ್ತಕ ಹೋಗುತ್ತೆ. ನಾನು 'ತಪ್ಪಾಯ್ತು' ಅಂತ ಬರೆದು ಸಹಿ ಹಾಕ್ಬೇಕು."

"ಹಾಕಿಬಿಡು. ಒಂದು ಕಾಗದ ತಾನೆ?"

"ನೀನು ಮೂವತ್ತು ವರ್ಷದ ಹಿಂದೆ ನನ್ನ ಟಿಪ್ಪಣಿ ನಕಲು ಹೊಡೆದವಳು. ನಿನಗೆ ಕಾಗದ ಅಂದ್ರೆ ಸಸಾರ." ಬೆಲೆನ್ ನಗಲಿಲ್ಲ. "ಪುಸ್ತಕ ತೆಗೆದ್ರೆ ತೆಗೀಲಿ, ಎಡಿತಾ. ಓದಿಸಿದ್ದು ತಪ್ಪು ಅಂತ ಮಾತ್ರ ನಾನು ಬರ್ಕೊಡಲ್ಲ. ಮನಿಲಾದಲ್ಲಿ ಒಂದು ಶಾಲೆಗೆ ಕೇಳಿದೀನಿ."

ಅಣ್ಣ ತಂಗಿ ಬೆಳಗಿನ ಹೊತ್ತು ಒಟ್ಟಿಗೆ ಮೊಟ್ಟೆ ನೋಡುವ ರೂಢಿ. ಒಳಗೆ ಬಲ್ಬು ಉರಿಯುವ ಮರದ ಪೆಟ್ಟಿಗೆಗೆ ಒಂದು ತೂತು. ಅದಕ್ಕೆ ಮೊಟ್ಟೆ ಹಿಡಿದರೆ ಒಳಗಿನ ನರ ಕಾಣುತ್ತದೆ. ನರ ಕಂಡದ್ದು ಒಂದು ಬುಟ್ಟಿಗೆ, ಬರಿದು ಇನ್ನೊಂದಕ್ಕೆ. ಇಪ್ಪತ್ತು ವರ್ಷ ಇಬ್ಬರೂ ಎದುರುಬದುರು ಕೂತು ಮಾಡಿದ ಕೆಲಸ. ಈಗಲೂ ಕೂರುತ್ತಿದ್ದರು, ಆದರೆ ಅಪ್ಪನ, ಅತ್ತೆಯ ಮಾತು ದಾಟಿಸಲು ನಡುವೆ ರೊವೇನಾ ಬೇಕಾಗಿತ್ತು.

"ನಿನ್ನ ತಿಯಾಗೆ ಹೇಳು, ಆ ಬುಟ್ಟಿ ನಾಳೆಗೆ ಇರಲಿ ಅಂತ."

"ತಿಯಾ ಬೆಲೆನ್, ಆ ಬುಟ್ಟಿ ನಾಳೆಗೆ ಇರಲಂತೆ."

"ಅಧ್ಯಕ್ಷರಿಗೆ ಹೇಳು, ಅದು ನಿನ್ನೇನೇ ಹೋಗ್ಬೇಕಿತ್ತು ಅಂತ."

"ಪಾಪಾ—"

"ನನಗೆ ಕಿವಿ ಕೇಳುತ್ತೆ."

"ಹಾಗಾದ್ರೆ ನಾನು ಸ್ನಾನಕ್ಕೆ ಹೋಗ್ಲಾ?" ಎಂದಳು ರೊವೇನಾ.

ಆ ವಾರ ಯಾವ ಊಟದಲ್ಲೂ ಎರಡನೇ ಸಲ ಯಾರೂ ಅನ್ನ ಬಡಿಸಿಕೊಳ್ಳಲಿಲ್ಲ. ಎಡಿತಾ ಮಿಕ್ಕ ಅನ್ನವನ್ನು ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಹುರಿದಳು. ಅದೂ ಮಿಕ್ಕಿತು. ಕೊನೆಗೆ ಬಾತುಗಳಿಗೆ ಹಾಕಿದಳು.

ಮುಂದಿನ ಭಾನುವಾರ ಮಧ್ಯಾಹ್ನ ಲೋಲಾ ಪುರಿಂಗ್ ಕೈ ತೊಳೆದು ಬಂದು ಹೇಳಿದಳು: "ಬರೋ ಶನಿವಾರ ಮನೇಲಿ ಪಬಾಸಾ. ಎಡಿತಾ, ದೊಡ್ಡ ಹಂಡೆ ಎರಡೂ ಇಳಿಸು."

ಮೇಜಿನ ಸುತ್ತ ಎಲ್ಲರೂ ತಲೆ ಎತ್ತಿದರು. ಆ ಮನೆಯ ಪಬಾಸಾ ಊರಿಗೇ ಗೊತ್ತಿದ್ದದ್ದು. ಕ್ರಿಸಾಂತೊ ನಾಲ್ಕು ವರ್ಷದವನಿದ್ದಾಗ ಕರುಳುಜ್ವರ ಬಂದು ಇನ್ನೇನು ಹೋದ ಎನ್ನುವಾಗ ಅವನ ಅಪ್ಪ ಹರಕೆ ಹೊತ್ತಿದ್ದ: ಮಗ ಉಳಿದರೆ ಪ್ರತಿ ವರ್ಷ ಪವಿತ್ರ ವಾರದಲ್ಲಿ ಯೇಸುವಿನ ಸಂಕಟದ ಕಥೆಯನ್ನು ಈ ಮನೆಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ರಾಗವಾಗಿ ಓದಿಸುತ್ತೇನೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ಎಲ್ಲೂ ದನಿ ಕಡಿಯದ ಹಾಗೆ. ಗೇಟಿನೊಳಗೆ ಬಂದವರು ಯಾರೇ ಆಗಲಿ, ಊಟ. ಅಪ್ಪ ಸತ್ತ ಮೇಲೂ ನಡೆಯಿತು. ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ದನಿ ಕಡಿದಿಲ್ಲ. ಕ್ರಿಸಾಂತೊ ಚರ್ಚಿನಲ್ಲಿ ಎದೆ ಸೆಟೆಸಿ ಹೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ.

"ಪವಿತ್ರ ವಾರ ಮುಗಿದು ನಾಲ್ಕು ತಿಂಗಳಾಯ್ತು, ನಾನಯ್," ಎಂದ ಅವನು.

"ಗೊತ್ತು. ಇಸ್ಕಾಳದ್ದು ಓದೋಣ."

ಕ್ರಿಸಾಂತೊ ಚಮಚ ಕೆಳಗಿಟ್ಟ. "ದೇವರ ಕಥೆ ಓದೋ ಜಾಗದಲ್ಲಿ ಅದನ್ನಾ? ಅಪ್ಪ ಇದ್ದಿದ್ರೆ ಏನಂತಿದ್ರು?"

"ನಿಮ್ಮಪ್ಪ ಊಟಕ್ಕೇನು ಅಂತ ಕೇಳ್ತಿದ್ದ. ಇಲ್ಲಿ ಕೇಳು. ದೇವರ ಮುಂದೆ ಕೂರಲ್ಲ, ಅಂಗಳದಲ್ಲಿ ಕೂರೋಣ. ಆ ರಾಗ ಹಾಡಲ್ಲ, ಬಾಯಿಮಾತಲ್ಲಿ ಓದೋಣ. ಕ್ರಮ ಮಾತ್ರ ಅದೇ. ಶುರು ಮಾಡಿದ್ದು ಮುಗೀಬೇಕು."

"ನೀವು ಓದಿದೀರಾ ಅದನ್ನ?"

"ಇಲ್ಲ. ನೀನು?"

ಕ್ರಿಸಾಂತೊ ಕೆಳಗಿಟ್ಟ ಚಮಚವನ್ನು ಮತ್ತೆ ಕೈಗೆತ್ತಿಕೊಂಡ.

"ಇವಳೊಬ್ಬಳು ಪೂರ್ತಿ ಓದಿದಾಳೆ," ಎಂದು ಲೋಲಾ ಮಗಳ ಕಡೆ ಗಲ್ಲ ತೋರಿಸಿದಳು. "ಒಬ್ಬಳು ಓದಿ, ಮಿಕ್ಕೋರು ಓದದೆ, ಎರಡು ವಾರದಿಂದ ನನ್ನ ಅಡುಗೆಮನೇಲಿ ಜಗಳ. ನನಗೆ ಸಾಕಾಗಿದೆ. ಬೆಲೆನ್, ನೀನು ಮಾತ್ರ ಓದೋ ಹಾಗಿಲ್ಲ. ನೀನು ಓದಿದ್ರೆ ಪಾಠ ಆಗುತ್ತೆ."

ಅವತ್ತು ಮಧ್ಯಾಹ್ನವೆಲ್ಲ ಕ್ರಿಸಾಂತೊ ಅಂಗಳದಲ್ಲಿ ಅಡ್ಡಾಡಿದ. ಸಂಜೆಗೆ ಅವನಿಗೆ ಬೇರೆಯೇ ಬುದ್ಧಿ ಹೊಳೆಯಿತು. ಪಾಲಕರ ಗುಂಪಿಗೆ ತಾನೇ ಬರೆದ: 'ಶನಿವಾರ ಬೆಳಿಗ್ಗೆ ಐದರಿಂದ ನಮ್ಮ ಮನೆಯಲ್ಲಿ ಪುಸ್ತಕವನ್ನು ಓದಲಾಗುವುದು. ಒಂಬತ್ತನೇ ಅಧ್ಯಾಯ ಸುಮಾರು ಎಂಟೂವರೆಗೆ. ಎಲ್ಲರೂ ಬಂದು ನಿಮ್ಮ ಕಿವಿಯಿಂದಲೇ ಕೇಳಿ.'

"ಎಷ್ಟು ಜನಕ್ಕೆ ಕಳಿಸಿದ್ರಿ?" ಎಂದಳು ಎಡಿತಾ.

"ನೂರಾಹತ್ತು ಮನೆಗೆ. ಬರ್ಲಿ. ಒಂಬತ್ತು ಕೇಳಿ ಕಿವಿ ಮುಚ್ಕೊಂಡು ಎದ್ದುಹೋಗ್ತಾರೆ. ನಾನಯ್‌ಗೂ ಆಗ ತಿಳಿಯುತ್ತೆ. ಹತ್ತು ಗಂಟೆಗೆ ಅಂಗಳ ಖಾಲಿ, ನೋಡ್ತಿರು."

"ಪಬಾಸಾಗೆ ಬಂದು ಊಟ ಮಾಡದೆ ಎದ್ದುಹೋದೋರನ್ನ ಈ ಊರಲ್ಲಿ ಯಾವತ್ತಾದ್ರೂ ನೋಡಿದೀರಾ?"

ಅವನು ಯೋಚಿಸಿದ. ಆದರೆ ಸಂದೇಶ ಹೋಗಿಯಾಗಿತ್ತು.

ಶುಕ್ರವಾರ ಇಡೀ ದಿನ ಎಡಿತಾ ಶುಂಠಿ ಜಜ್ಜಿದಳು. ಎರಡು ಹಂಡೆ ಕೋಳಿಗಂಜಿ, ಒಂದು ಬಾಣಲೆ ಶಾವಿಗೆ, ಚಿಪ್ಪಿಗೆ ಕೆಂಪು ಬಣ್ಣ ಬಳಿದ ಇನ್ನೂರು ಉಪ್ಪುಮೊಟ್ಟೆ, ಶುಂಠಿ ಕಷಾಯ. ಜಗಳ ಏನೇ ಇರಲಿ, ಅಂಗಳಕ್ಕೆ ತಾಡಪಾಲು ಕಟ್ಟಿದವನು ಕ್ರಿಸಾಂತೊ. ತನ್ನ ಮನೆಗೆ ಬಂದವರು ಬಿಸಿಲಲ್ಲಿ ಕೂರುವುದು ಅವನಿಗೆ ಆಗದ ಮಾತು. ಕುರ್ಚಿ ಎರವಲು ತಂದದ್ದೂ ಅವನೇ. ಒಂದು ಸಣ್ಣ ಮೇಜು, ಒಂದು ಫ್ಯಾನು, ಬೆಲೆನಳ ಪ್ರತಿ. ಒಟ್ಟು ಇಪ್ಪತ್ತನಾಲ್ಕು ಅಧ್ಯಾಯ. ಯಾರ ಸರದಿ ಯಾವಾಗ ಎಂದು ಲೋಲಾ ಒಂದು ರಟ್ಟಿನ ಮೇಲೆ ಬರೆದು ಕಂಬಕ್ಕೆ ಕಟ್ಟಿದಳು.

ಐದಕ್ಕೆ ಆರು ಜನರಿದ್ದರು. ಲೋಲಾ ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದಳು. ಏಳಕ್ಕೆ ಮೂವತ್ತು ಜನ. ಎಂಟಕ್ಕೆ ಕುರ್ಚಿ ಸಾಲದೆ ಮೊಟ್ಟೆ ಬುಟ್ಟಿಗಳನ್ನು ಬೋರಲು ಹಾಕಿದರು. ಸಹಿ ಹಾಕಿದವರೇ ಹೆಚ್ಚು. ಎಲ್ಲರೂ ಒಂದು ಕಣ್ಣು ಗಡಿಯಾರದ ಮೇಲಿಟ್ಟೇ ಕೂತಿದ್ದರು.

ಅಷ್ಟರಲ್ಲಿ ಕಥೆಯಲ್ಲಿ ಇಸ್ಕಾಳ ಗಂಡ ಇದೇ ಊರ ಸರೋವರದಲ್ಲಿ ಮುಳುಗಿ ಸತ್ತಿದ್ದ. ಮಣ್ಣು ಮಾಡಲು ಚರ್ಚಿನವರು ಕೇಳಿದಷ್ಟು ಕೊಡಲು ಅವಳಲ್ಲಿ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಕಂಬಳಿಯಲ್ಲಿ ಹೆಣ ಸುತ್ತಿ, ದೋಣಿಯಲ್ಲಿ ಮಲಗಿಸಿ, ಆಚೆ ದಡದ ಊರಿಗೆ ಒಬ್ಬಳೇ ಹುಟ್ಟು ಹಾಕುತ್ತ ಹೋದಳು. ಆ ಅಧ್ಯಾಯ ಓದುವಾಗ ಮೀನುಗಾರರ ಸಾಲಿನಲ್ಲಿ ಒಬ್ಬ, "ಎದುರುಗಾಳಿ ಇರುತ್ತೆ ಆ ಕಡೆ" ಎಂದ. ಪಕ್ಕದವನು, "ಸುಮ್ನಿರು, ಅವಳಿಗೂ ಗೊತ್ತು" ಎಂದ.

ಒಂಬತ್ತನೇ ಅಧ್ಯಾಯ ನೆರೆಮನೆಯ ಆಲಿಂಗ್ ತಾಸಿಂಗಳ ಸರದಿ. ಎಂಟನೆಯದರ ಕೊನೆಯ ಪುಟ ಬರುತ್ತಿದ್ದ ಹಾಗೆ ಆಲಿಂಗ್ ತಾಸಿಂಗ್ ಗಂಟಲು ಹಿಡಿದುಕೊಂಡಳು. "ಕಟ್ಟಿಬಿಟ್ಟಿದೆ, ಪುರಿಂಗ್. ದನಿಯೇ ಬರ್ತಿಲ್ಲ." ಅದನ್ನು ಅವಳು ಸಾಕಷ್ಟು ಗಟ್ಟಿಯಾಗಿಯೇ ಹೇಳಿದಳು.

ಲೋಲಾ ಅಂಗಳದ ಸುತ್ತ ಕಣ್ಣು ಹಾಯಿಸಿದಳು. ಎಲ್ಲರೂ ತಟ್ಟೆ ನೋಡಿಕೊಂಡರು. ಅವಳ ಕಣ್ಣು ಹಂಡೆಯ ಹತ್ತಿರ ಸೌಟು ಹಿಡಿದು ನಿಂತಿದ್ದ ಸೊಸೆಯ ಮೇಲೆ ನಿಂತಿತು.

"ನಾನಾ?" ಎಂದಳು ಎಡಿತಾ. "ಗಂಜಿ ತಳ ಹಿಡಿಯುತ್ತೆ."

"ರೊವೇನಾ ತಿರುವುತಾಳೆ. ಬಾ."

ಎಡಿತಾ ಸೌಟು ಮಗಳ ಕೈಗೆ ಕೊಟ್ಟು, ಕೈ ಒರೆಸಿಕೊಂಡು ಹೋಗಿ ಕೂತಳು. ಶಾಲೆ ಬಿಟ್ಟ ಮೇಲೆ ಜನರ ಮುಂದೆ ಅವಳು ಏನನ್ನೂ ಓದಿರಲಿಲ್ಲ. ಮೊದಲ ಪುಟದಲ್ಲಿ ಎರಡು ಕಡೆ ತಡವರಿಸಿದಳು. ಗೇಟಿನ ಹತ್ತಿರ ಗಂಡ ಕೈಕಟ್ಟಿ ನಿಂತಿದ್ದ. ಅವನನ್ನು ನೋಡುವುದು ಬಿಟ್ಟ ಮೇಲೆ ಓದು ಸಲೀಸಾಯಿತು. ಗಂಡಸು ಬಂದ. ಬೆನ್ನಿಗೆ ಗುಂಡು ಸವರಿತ್ತು, ಜ್ವರ ಏರಿತ್ತು, ಹಲ್ಲು ಕಟಕಟಿಸುತ್ತಿತ್ತು. ಇಸ್ಕಾ ಗಂಡನ ಅಂಗಿ ಹೊದಿಸಿದಳು. ಚೀಲ ಹೊದಿಸಿದಳು. ಹೊದಿಸಲು ಇನ್ನೇನೂ ಇರಲಿಲ್ಲ. ಕಂಬಳಿ ಆಚೆ ದಡದ ಮಣ್ಣಲ್ಲಿತ್ತು. ಕಂಬಳಿಯ ಮಾತು ಬಂದಾಗ ಎಡಿತಾಳ ದನಿ ಸ್ವಲ್ಪ ಕೆಳಗಿಳಿಯಿತು. ಆಮೇಲೆ ಓದುತ್ತ ಹೋದಳು. ಬೆಳಗಾಯಿತು, ಅಧ್ಯಾಯ ಮುಗಿಯಿತು, ಹತ್ತನೆಯದರವನು ಬಂದು ಕೂತ. ಅವಳು ಎದ್ದು ಹೋಗಿ ಸೌಟು ವಾಪಸು ತಗೊಂಡಳು.

ಹತ್ತನೆಯದು ಅರ್ಧಕ್ಕೆ ಬಂದಿರುವಾಗ ಆಲಿಂಗ್ ತಾಸಿಂಗ್ ಬಟ್ಟಲು ಹಿಡಿದು ಹಂಡೆಯ ಹತ್ತಿರ ಬಂದಳು.

"ಎಡಿತಾ, ಆ ಗಲೀಜು ಭಾಗ ಯಾವಾಗ ಬರುತ್ತೆ?"

"ಹೋಯ್ತಲ್ಲ."

"ಯಾವಾಗ?"

"ಆಗ್ಲೇ. ನಾನೇ ಓದಿದ್ನಲ್ಲ."

ಆಲಿಂಗ್ ತಾಸಿಂಗ್ ಬಟ್ಟಲು ಹಿಡಿದುಕೊಂಡು ನಿಂತಳು. "ಆ ಚಳಿಯದ್ದಾ?"

"ಅದೇ."

"ಅಯ್ಯೋ, ಪಾಪ. ಕಂಬಳಿ ಇರ್ಲಿಲ್ವಲ್ಲೇ." ಸ್ವಲ್ಪ ಯೋಚಿಸಿ, "ಇನ್ನೊಂದು ಮೊಟ್ಟೆ ಹಾಕು," ಎಂದಳು.

ಆ ಮಾತು ಗೇಟಿನವರೆಗೂ ಕೇಳಿಸಿರಬೇಕು. ಎಡಿತಾ ತಿರುಗಿ ನೋಡಿದಾಗ ಕ್ರಿಸಾಂತೊ ಫೋನು ತೆಗೆದು ಆ ಕೆಂಪು ಗೆರೆಯ ಪುಟವನ್ನು ಮತ್ತೆ ನೋಡುತ್ತಿದ್ದ.

ಹತ್ತು ಗಂಟೆಗೆ ಅಂಗಳ ಖಾಲಿಯಾಗಲಿಲ್ಲ. ಸಿಸ್ಟರ್ ಆಂಪಾರೊ ಒಂದು ಚೀಲ ಬ್ರೆಡ್ಡು ಹಿಡಿದು ಬಂದು, ಯಾರೂ ಏಳುವುದು ಬೇಡ ಎಂದು ಕೈಸನ್ನೆ ಮಾಡಿ ಹಿಂದಿನ ಬುಟ್ಟಿಯ ಮೇಲೆ ಕೂತರು. ಹನ್ನೆರಡಕ್ಕೆ ಮೊದಲ ಹಂಡೆ ಬರಿದಾಯಿತು.

ಎಡವಟ್ಟಾದದ್ದು ಮಧ್ಯಾಹ್ನ ಒಂದೂಮುಕ್ಕಾಲಿಗೆ. ಇಪ್ಪತ್ತೆರಡನೇ ಅಧ್ಯಾಯ ಓದಬೇಕಿದ್ದ ಮಾಂಗ್ ದಾಡೊನ ಬಾತುಗಳು ಯಾರದೋ ಗದ್ದೆಗೆ ನುಗ್ಗಿವೆ ಎಂದು ಸುದ್ದಿ ಬಂದು ಅವನು ಓಡಿಹೋಗಿದ್ದ. ಅವನ ಬದಲು ಲೋಲಾ ಕೂತಳು. ಆಗಲೇ ಐದು ಅಧ್ಯಾಯ ಓದಿದ್ದ ಗಂಟಲು. ಎರಡನೇ ಪುಟದಲ್ಲಿ ದನಿ ಒಡೆಯಿತು. ಕಷಾಯ ಕುಡಿದು ಮತ್ತೆ ಶುರುಮಾಡಿದಳು. ಮೂರನೇ ಪುಟದಲ್ಲಿ ತುಟಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

ಬೆಲೆನ್ ಅರ್ಧ ಎದ್ದಳು. ಲೋಲಾ ಕೈ ಆಡಿಸಿ ಕೂರಿಸಿದಳು. ರೊವೇನಾ ಎದ್ದಳು.

"ಕೂತ್ಕೋ," ಎಂದ ಕ್ರಿಸಾಂತೊ ಗೇಟಿನಿಂದ. "ನೀನು ಓದೋ ಹಾಗಿಲ್ಲ ಅಂತ ಹೇಳಿದೀನಿ."

"ಹಾಗಾದ್ರೆ ಯಾರು ಓದ್ತಾರೆ, ಪಾಪಾ? ನಿಂತುಹೋಗುತ್ತೆ."

ಎಂಬತ್ತು ಜನರಲ್ಲಿ ಯಾರೂ ಅಲ್ಲಾಡಲಿಲ್ಲ. ಫ್ಯಾನಿನ ಗಾಳಿಗೆ ಪುಟ ತಾನಾಗಿ ಏಳುತ್ತಿತ್ತು. ಲೋಲಾ ಅದನ್ನು ಬೆರಳಲ್ಲಿ ಒತ್ತಿ ಹಿಡಿದು ಮಗನನ್ನು ನೋಡಿದಳು. ಆ ಮನೆಯಲ್ಲಿ ಓದು ನಿಂತದ್ದಿಲ್ಲ. ಅದು ನಿಲ್ಲಬಾರದೆಂಬ ಹರಕೆ ಹುಟ್ಟಿದ್ದೇ ಅವನ ಜೀವಕ್ಕಾಗಿ. ಕ್ರಿಸಾಂತೊ ನಾಲ್ಕು ಹೆಜ್ಜೆಯಲ್ಲಿ ಅಂಗಳ ದಾಟಿ ಬಂದು, ತಾಯಿಯ ಪಕ್ಕ ಕೂತು, ಅವಳ ಬೆರಳಿದ್ದ ಸಾಲಿನಿಂದಲೇ ಎತ್ತಿಕೊಂಡ.

ಅವನದು ಒಳ್ಳೆಯ ದನಿ. ಹತ್ತು ವರ್ಷದಿಂದ ಪಬಾಸಾದಲ್ಲಿ ಕುರ್ಚಿ, ತಾಡಪಾಲು ಎಂದು ಓಡ್ಯಾಡುತ್ತ ಅವನು ಓದುವುದನ್ನೇ ಬಿಟ್ಟಿದ್ದ. ಎಡಿತಾಳಿಗೆ ಆ ದನಿ ಮರೆತೇಹೋಗಿತ್ತು. ಗಂಡಸನ್ನು ಅಡಗಿಸಿಟ್ಟ ಸುದ್ದಿ ಊರಿಗೆ ಗೊತ್ತಾಗಿದೆ. ಇಸ್ಕಾಳ ದೋಣಿ ಸುಡಲು ಜನ ಪಂಜು ಹಿಡಿದು ದಡಕ್ಕೆ ಬರುತ್ತಾರೆ. ಎಲ್ಲರಿಗಿಂತ ಮುಂದೆ ಇರುವವನು ಅವಳ ಅಣ್ಣ. ಇಸ್ಕಾ ಕೇಳುತ್ತಾಳೆ, ನೀನೂನಾ ಎಂದು.

ಕ್ರಿಸಾಂತೊ ಪುಟ ತಿರುಗಿಸಿ ಓದಿದ: "ಅಣ್ಣನು ಹೇಳಿದನು, 'ತಂಗಿಯೆಂದು ನಾನು ಸುಮ್ಮನಿದ್ದರೆ ನಾಳೆ ಊರು ನನ್ನ ಮುಖ ನೋಡುವುದೇ?'"

ಅಲ್ಲಿ ನಿಂತ.

ಕೂತವರಿಗೆ ಅದು ಬರೀ ಕಥೆಯ ಮಾತು. ಉಸಿರು ತಗೊಳ್ಳುತ್ತಿದ್ದಾನೆ ಎಂದುಕೊಂಡರು. ಎಡಿತಾ ಬೆಲೆನಳ ಕಡೆ ನೋಡಿದಳು. ಬೆಲೆನ್ ತಲೆ ತಗ್ಗಿಸಿಕೊಂಡು ಬೆರಳಿಗೆ ಅಂಟಿದ ಮೊಟ್ಟೆಯ ಕೆಂಪು ಬಣ್ಣ ಉಜ್ಜುತ್ತಿದ್ದಳು. ಮಂಗಳವಾರದ ಆ ಊಟದಲ್ಲಿ ಕ್ರಿಸಾಂತೊ ಇದೇ ಮಾತು ಆಡಿದಾಗ ಅವಳು ಬಾಯಿ ತೆರೆದು ಮುಚ್ಚಿದ್ದು ಎಡಿತಾಳಿಗೆ ಈಗ ನೆನಪಾಯಿತು. ಎರಡೂವರೆ ವಾರ ಈ ಸಾಲು ಅವಳ ಕೈಯಲ್ಲಿತ್ತು. ಒಮ್ಮೆಯೂ ಅಣ್ಣನ ಮುಖಕ್ಕೆ ಎಸೆದಿರಲಿಲ್ಲ.

"ಮುಂದೆ," ಎಂದಳು ಲೋಲಾ, ಇಲ್ಲದ ದನಿಯಲ್ಲಿ.

ಅವನು ಮುಂದೆ ಓದಿದ. ದೋಣಿ ಸುಟ್ಟಿತು. ಇಸ್ಕಾ ಬೂದಿಯಲ್ಲಿ ಮೊಳೆಗಳನ್ನು ಹೆಕ್ಕಿದಳು, ಬೇರೆ ದೋಣಿಗೆ ಬೇಕಾಗುತ್ತದೆಂದು. ಇಪ್ಪತ್ತಮೂರನೆಯದಕ್ಕೆ ಹೆಸರಿದ್ದವಳು ಬಂದು ನಿಂತರೂ ಕ್ರಿಸಾಂತೊ ಏಳಲಿಲ್ಲ. ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದಾಗ ಮೂರಕ್ಕೆ ಐದು ನಿಮಿಷ ಇತ್ತು. ಪಬಾಸಾದಲ್ಲಿ ಚಪ್ಪಾಳೆ ತಟ್ಟುವ ರೂಢಿಯಿಲ್ಲ. ಜನ ಎದ್ದು, ತಮ್ಮ ತಮ್ಮ ಬಟ್ಟಲು ತೊಳೆದು ಬೋರಲು ಹಾಕಿ ಹೋದರು.

ಸೋಮವಾರದ ಸಭೆಯಲ್ಲಿ ಸಿಸ್ಟರ್ ಆಂಪಾರೊ ಅರ್ಜಿ ಓದಲು ಅಧ್ಯಕ್ಷರನ್ನು ಕರೆದರು. ಕ್ರಿಸಾಂತೊ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಮೊದಲ ವಾಕ್ಯ ಓದಿ ಕಾಗದ ಕೆಳಗಿಟ್ಟ.

"ಇಲ್ಲಿ 'ಓದಿ' ಅಂತಿದೆ. ಬರೆದವನು ನಾನು. ಬರೆದಾಗ ನಾನು ಓದಿರ್ಲಿಲ್ಲ. ಓದಿದ್ದು ಮೊನ್ನೆ ಶನಿವಾರ. ಸಹಿ ಹಾಕೋ ಮುಂಚೆ ಓದಿದ್ದೋರು ಕೈ ಎತ್ತಿ."

ಕುರ್ಚಿಗಳು ಕಿರುಗುಟ್ಟಿದವು. ಕೈ ಏಳಲಿಲ್ಲ.

"ಹಾಗಾದ್ರೆ ಇದು ಸುಳ್ಳು ಕಾಗದ. ನನ್ನ ಹೆಸರು ಹೊಡೆದು ಹಾಕ್ತಿದೀನಿ."

"ನಿಮ್ಮ ತಂಗಿ ಅಂತ ತಾನೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೌದು, ನನ್ನ ತಂಗಿ," ಎಂದ ಕ್ರಿಸಾಂತೊ. "ಅವಳು ಓದಿ ಓದಿಸಿದ್ಲು. ನಾನು ಓದದೆ ಬೇಡ ಅಂದೆ. ಇಬ್ಬರಲ್ಲಿ ನಾಚಿಕೆ ಯಾರಿಗಾಗ್ಬೇಕು ಅಂತ ನೀವೇ ಹೇಳಿ."

ಆಲಿಂಗ್ ತಾಸಿಂಗಳ ಮೊಮ್ಮಗನೂ ಆ ಶಾಲೆಯವನೇ. ಅವಳು ಎದ್ದು ಬಂದು ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಅವಳ ಹಿಂದೆ ಸಾಲು ಹತ್ತಿತು. ಕೊನೆಗೆ ಅರ್ಜಿಯಲ್ಲಿ ಉಳಿದದ್ದು ಇಪ್ಪತ್ತೊಂದು ಹೆಸರು. ನಿಯಮದ ಪ್ರಕಾರ ಸಾಲದು. ಪುಸ್ತಕ ಉಳಿಯಿತು, ಬೆಲೆನ್ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಮೂರು ಮನೆಯವರು ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಸೇರಿಸಿದರು. ತಿಂಗಳ ಕೊನೆಗೆ ಚುನಾವಣೆಯಲ್ಲಿ ಕ್ರಿಸಾಂತೊ ಅಧ್ಯಕ್ಷಗಿರಿ ಕಳೆದುಕೊಂಡ. ಅವತ್ತು ಎಲ್ಲರೂ ಊಟಕ್ಕೆ ಕೂತರು. ಬೆಲೆನ್ ತಾನೇ ಎದ್ದು ಅಣ್ಣನ ತಟ್ಟೆಗೆ ಎರಡನೇ ಸಲ ಅನ್ನ ಹಾಕಿದಳು.

"ಪುಸ್ತಕ ನನಗೇನೂ ಅಷ್ಟು ಹಿಡಿಸ್ಲಿಲ್ಲ," ಎಂದ ಅವನು ಅನ್ನ ಕಲಸುತ್ತ. "ಉದ್ದ ಜಾಸ್ತಿ ಆಯ್ತು."

"ಬರೆದೋನಿಗೆ ಹೇಳು, ಕುಯಾ. ಪ್ಲಾಜಾದಲ್ಲೇ ಇದಾನೆ."

ಸೂಟ್‌ಕೇಸು ಬೀರುವಿನ ಮೇಲಕ್ಕೆ ಹೋಗಿತ್ತು. ಕಂಬಕ್ಕೆ ಕಟ್ಟಿದ ರಟ್ಟನ್ನು ಮಾತ್ರ ಎಡಿತಾ ಬಿಚ್ಚಿರಲಿಲ್ಲ. ಒಂಬತ್ತರ ಮುಂದೆ ಆಲಿಂಗ್ ತಾಸಿಂಗಳ ಹೆಸರು ಹೊಡೆದು ಲೋಲಾ ಎಡಿತಾಳ ಹೆಸರು ಬರೆದಿದ್ದಳು. ಅಂಗಳ ಗುಡಿಸುವಾಗಲೆಲ್ಲ ಎಡಿತಾ ಅದನ್ನೊಮ್ಮೆ ನೋಡುತ್ತಿದ್ದಳು.

ಇನ್ನೊಂದು ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ಮೂವರು ಹೆಂಗಸರು ಬಂದು ನಿಂತರು. ಕಾಲೆಲ್ಲ ಒದ್ದೆ, ಸರೋವರದ ಆಚೆ ದಡದಿಂದ ದೋಣಿಯಲ್ಲಿ ಬಂದವರು. ಕ್ರಿಸಾಂತೊ ಬಲೂತ್ ಬುಟ್ಟಿಗಳನ್ನು ಗಾಡಿಗೆ ಏರಿಸುತ್ತಿದ್ದ. ಎಡಿತಾ ಒಲೆಯ ಮುಂದಿದ್ದಳು.

"ಆ ಪುಸ್ತಕದ ಮನೆ ಇದೇನಾ?" ಎಂದು ಒಬ್ಬಳು ಕೇಳಿದಳು. "ಒಂದು ದಿನದ ಮಟ್ಟಿಗೆ ಎರವಲು ಕೊಡ್ತೀರೇನೋ ಅಂತ."

"ಇದೇ ಮನೆ," ಎಂದ ಕ್ರಿಸಾಂತೊ. ಬುಟ್ಟಿ ಇಳಿಸಿ, ಗೇಟನ್ನು ಪೂರ್ತಿ ತೆರೆದ. "ಎರವಲು ಕೊಡಲ್ಲ. ಒಳಗೆ ಬಂದು ಕೂತು ಓದಿ. ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ, ಊಟ ಮಾಡದೆ ಹೋಗೋ ಹಾಗೂ ಇಲ್ಲ."

ಎಡಿತಾ ಗಂಜಿಗೆ ಇನ್ನೆರಡು ತಂಬಿಗೆ ನೀರು ಹೊಯ್ದಳು.